ಮರಿ ಹಾಕಿಸುವ ಮುನ್ನ ಮರಿಗಳಿಗೆ ಮನೆ ಹುಡುಕಿ

ಸಾಕಿದ ಹೆಣ್ಣುನಾಯಿಗೆ ವರ್ಷ ತುಂಬುತ್ತಿದ್ದಂತೆ ನೆರೆಹೊರೆಯವರ ಉಪದೇಶ ಶುರುವಾಗುತ್ತದೆ: ‘ಒಂದು ಸಲವಾದರೂ ಮರಿ ಹಾಕಿಸಿ, ಇಲ್ಲಾಂದ್ರೆ ಅದರ ಆರೋಗ್ಯ ಕೆಡುತ್ತೆ.’ ಈ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಮರಿ ಹಾಕಿದ ನಾಯಿಗೂ ಗರ್ಭಕೋಶದಲ್ಲಿ ಕೀವು ತುಂಬಬಹುದು, ಮೊಲೆಗಳಲ್ಲಿ ಗಡ್ಡೆ ಏಳಬಹುದು. ಹಾಗಾಗಿ ‘ನಾಯಿಯ ಒಳ್ಳೆಯದಕ್ಕೇ’ ಎಂಬ ಕಾರಣವನ್ನು ಮೊದಲು ಬದಿಗಿಡಿ. ಆಮೇಲೂ ಮರಿ ಹಾಕಿಸುವ ಮನಸ್ಸಿದ್ದರೆ ಈ ಹೆಜ್ಜೆಗಳನ್ನು ಒಂದೊಂದಾಗಿ ಪರಿಶೀಲಿಸಿ.

1. ಮನೆಗಳ ಪಟ್ಟಿ ಮಾಡಿ

ಲ್ಯಾಬ್ರಡಾರ್ ಒಂದು ಸೂಲಿಗೆ ಆರರಿಂದ ಎಂಟು ಮರಿ ಹಾಕುವುದು ಸಾಮಾನ್ಯ. ಅಷ್ಟು ಮನೆಗಳು ನಿಮ್ಮ ಕೈಯಲ್ಲಿವೆಯೇ? ‘ನಮಗೊಂದು ಮರಿ ಇಟ್ಟಿರಿ’ ಎಂದವರನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಡಿ. ಮರಿ ಕಣ್ಣು ಬಿಡುವ ಹೊತ್ತಿಗೆ ಅವರಲ್ಲಿ ಅರ್ಧ ಜನರಿಗೆ ಮನೆ ಮಾಲೀಕರು ಒಪ್ಪಿರುವುದಿಲ್ಲ, ಮಕ್ಕಳ ಪರೀಕ್ಷೆ ಹತ್ತಿರ ಬಂದಿರುತ್ತದೆ. ಒಯ್ದವರು ಆರು ತಿಂಗಳ ನಂತರ ‘ಸಾಕಲಾಗದು’ ಎಂದರೆ ವಾಪಸ್ ಕರೆತರಲು ನಿಮ್ಮಲ್ಲಿ ಜಾಗ ಇರಬೇಕು. ಇಲ್ಲ ಎಂದಾದರೆ ಮುಂದಿನ ಹೆಜ್ಜೆಗಳನ್ನು ಓದುವ ಅಗತ್ಯವೇ ಇಲ್ಲ, ನೇರ ಕೊನೆಯ ಭಾಗಕ್ಕೆ ಬನ್ನಿ.

2. ಜೋಡಿಯ ಆರೋಗ್ಯ ನೋಡಿ

ನೋಡಲು ಚೆಂದವಿರುವುದು ಅರ್ಹತೆಯಲ್ಲ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ತಳಿಗಳಲ್ಲಿ ಸೊಂಟದ ಕೀಲಿನ ದೋಷ ತಲೆಮಾರಿನಿಂದ ತಲೆಮಾರಿಗೆ ಹರಿಯುತ್ತದೆ. ಎರಡು ವರ್ಷ ತುಂಬಿದ ಮೇಲೆ ಎಕ್ಸ್‌ರೇ ತೆಗೆಸಿ ನೋಡಬೇಕು. ನಾಲ್ಕು ಹೆಜ್ಜೆ ನಡೆದರೆ ಗೊರಗೊರ ಎನ್ನುವ ಪಗ್‌ನ ಮರಿಗಳಿಗೂ ಅದೇ ಉಸಿರಾಟದ ಪಾಡು ಬರುವ ಸಂಭವ ಹೆಚ್ಚು. ಕಚ್ಚುವ, ವಿಪರೀತ ಅಂಜುವ ನಾಯಿಯನ್ನೂ ಕೈಬಿಡಿ. ಗಂಡು, ಹೆಣ್ಣು ಎರಡಕ್ಕೂ ಬ್ರೂಸೆಲ್ಲಾ ರಕ್ತಪರೀಕ್ಷೆ ಆಗಲೇಬೇಕು. ಕೂಡುವಾಗ ಹರಡುವ ಈ ಸೋಂಕು ಗರ್ಭಪಾತಕ್ಕೆ ಕಾರಣವಾಗುತ್ತದೆ, ಮನುಷ್ಯರಿಗೂ ಅಂಟುತ್ತದೆ. ನಮ್ಮಲ್ಲಿ ಉಣ್ಣಿ ಜ್ವರದ ಕಾಟ ಹೆಚ್ಚಿರುವುದರಿಂದ ಅದರ ತಪಾಸಣೆಯನ್ನೂ ಜೊತೆಗೇ ಮಾಡಿಸಿ.

ಮುಧೋಳ ನಾಯಿ ಇಟ್ಟುಕೊಂಡವರ ಲೆಕ್ಕ ತುಸು ಬೇರೆ. ದೇಸಿ ತಳಿ ಉಳಿಯಬೇಕು ಎಂಬ ಅವರ ಕಾಳಜಿ ನ್ಯಾಯವೇ. ಆದರೆ ಹತ್ತಿರದ ರಕ್ತಸಂಬಂಧದಲ್ಲೇ ಕ್ರಾಸ್ ಮಾಡಿಸುತ್ತ ಹೋದರೆ ತಳಿ ಸೊರಗುತ್ತದೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಜೋಡಿ ಹುಡುಕುವ ಮೊದಲು ಅಲ್ಲಿ ವಿಚಾರಿಸಿ. ಓಡಲೆಂದೇ ಹುಟ್ಟಿದ ಆ ಮರಿಗಳನ್ನು ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಕೊಡಬೇಡಿ.

3. ಕಾನೂನು ತಿಳಿದಿರಲಿ

ಮಾರಾಟಕ್ಕಾಗಿ ಮರಿ ಹಾಕಿಸುವವರಿಗೆ ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಅನ್ವಯಿಸುತ್ತವೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ. ಹೆಣ್ಣಿಗೆ ಕನಿಷ್ಠ 18 ತಿಂಗಳಾಗಿರಬೇಕು; ಒಂದರ ಹಿಂದೊಂದು ಬೆದೆಯಲ್ಲಿ ಕ್ರಾಸ್ ಮಾಡಿಸುವಂತಿಲ್ಲ; ಜೀವಮಾನದಲ್ಲಿ ಐದು ಸೂಲು ಮೀರುವಂತಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವುದೂ ತಪ್ಪು.

4. ಒಂಬತ್ತು ವಾರ, ಮತ್ತೆ ಎಂಟು ವಾರ

ಬೆದೆ ಸುಮಾರು ಮೂರು ವಾರ ಇರುತ್ತದೆ. ಕ್ರಾಸ್‌ಗೆ ಸರಿಯಾದ ದಿನ ನಾಯಿಯಿಂದ ನಾಯಿಗೆ ಬೇರೆಯಾಗುವುದರಿಂದ ಪ್ರೊಜೆಸ್ಟೆರಾನ್ ರಕ್ತಪರೀಕ್ಷೆ ನಂಬಿ, ಪಕ್ಕದ ಮನೆಯವರ ಅಂದಾಜನ್ನಲ್ಲ. ಗರ್ಭದ ಅವಧಿ ಸುಮಾರು 63 ದಿನ. 55 ದಿನ ಕಳೆದ ಮೇಲೆ ಎಕ್ಸ್‌ರೇ ತೆಗೆದರೆ ಮರಿಗಳ ಎಣಿಕೆ ಸಿಗುತ್ತದೆ. ಹೆರಿಗೆ ಮುಗಿಯಿತೋ ಇಲ್ಲವೋ ಎಂದು ತಿಳಿಯಲು ಆ ಎಣಿಕೆ ಬೇಕೇಬೇಕು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಬಸುರಿ ನಾಯಿಗೆ ಅಕ್ಕರೆಯಿಂದ ಕ್ಯಾಲ್ಸಿಯಂ ಸಿರಪ್ ಕುಡಿಸುವವರಿದ್ದಾರೆ. ವೈದ್ಯರು ಹೇಳದೆ ಹಾಗೆ ಮಾಡಬೇಡಿ. ಹೊರಗಿನಿಂದ ಸಿಗುತ್ತಿದ್ದರೆ ದೇಹ ತನ್ನ ಮೂಳೆಯ ಕ್ಯಾಲ್ಸಿಯಂ ಬಳಸುವುದನ್ನು ಕಡಿಮೆ ಮಾಡುತ್ತದೆ. ಹೆರಿಗೆಯ ನಂತರ ಹಾಲಿನ ಜೊತೆ ಅದು ಹರಿದುಹೋಗುವಾಗ ರಕ್ತದಲ್ಲಿ ದಿಢೀರ್ ಕೊರತೆಯಾಗಿ ತಾಯಿ ನಡುಗಿ, ಸೆಟೆದು ಬೀಳುತ್ತದೆ. ತಕ್ಷಣ ಚಿಕಿತ್ಸೆ ಸಿಗದಿದ್ದರೆ ಸಾವು.

ರಾತ್ರಿಯೂ ತೆರೆದಿರುವ ಪಶು ಆಸ್ಪತ್ರೆ ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಮರಿಗಳ ನಡುವೆ ಎರಡು ಗಂಟೆ ದಾಟಿದರೆ, ಮೊದಲ ಮರಿಗೆ ಮುನ್ನವೇ ಹಸಿರು ಸ್ರಾವ ಕಂಡರೆ ತಡಮಾಡದೆ ಹೊರಡಿ. ಸಿಸೇರಿಯನ್ ಖರ್ಚನ್ನು ಮರಿ ಮಾರಿದ ಹಣದಲ್ಲಿ ಭರಿಸುವ ಲೆಕ್ಕ ಬೇಡ. ಆ ರಾತ್ರಿ ಮರಿಗಳೇ ಉಳಿಯದಿರಬಹುದು.

ಹುಟ್ಟಿದ ಮರಿಗಳಿಗೆ ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಮೊದಲ ಎರಡು ವಾರ ದಿನವೂ ತೂಕ ನೋಡಲು, ರಾತ್ರಿ ಎದ್ದು ಗಮನಿಸಲು ಮನೆಯಲ್ಲಿ ಒಬ್ಬರಿಗೆ ರಜೆ ಬೇಕು. ಎರಡನೇ ವಾರದಿಂದ ಜಂತುನಾಶಕ, ಆರರಿಂದ ಎಂಟು ವಾರದ ನಡುವೆ ಮೊದಲ ಲಸಿಕೆ.

ಬೇಡ ಎಂದು ತೀರ್ಮಾನಿಸಿದರೆ

ಮನೆಯಲ್ಲಿ ಸಾಕಿದ ಬಹುಪಾಲು ನಾಯಿಗಳ ಮಟ್ಟಿಗೆ ಇದೇ ಸರಿಯಾದ ಉತ್ತರ ಎಂದು ನನ್ನ ಅನಿಸಿಕೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ವಯಸ್ಸು ತಳಿ, ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ದೊಡ್ಡ ತಳಿಗಳಿಗೆ ತುಸು ಕಾಯಿರಿ ಎನ್ನುವ ವೈದ್ಯರೇ ಹೆಚ್ಚು. ಈಗಾಗಲೇ ಬೆದೆಗೆ ಬಂದಿದ್ದರೆ ಅದು ಮುಗಿದ ಎರಡು ಮೂರು ತಿಂಗಳಿಗೆ ದಿನ ಗೊತ್ತುಮಾಡಿ. ಅಲ್ಲಿಯವರೆಗೆ ಗೇಟಿಗೆ ಚಿಲಕ ಭದ್ರವಾಗಿರಲಿ.