ಹಳೆಯ ಕಾರಿನ ಪರೀಕ್ಷೆ

ಮನೆಯ ಉಳಿತಾಯವನ್ನೆಲ್ಲ ತೊಡಗಿಸಿ ನಾವೊಂದು ಹಳೆಯ ಪೆಟ್ರೋಲ್ ಅಂಬಾಸಿಡರ್ ಕಾರನ್ನು ಕೊಳ್ಳಹೊರಟಿದ್ದೇವೆಂದು ಭಾವಿಸೋಣ. ಅದರ ತಯಾರಿಕೆ 2014ರಲ್ಲಿಯೇ ನಿಂತುದರಿಂದ ಎಳೆಯ ಗಾಡಿ ಸಿಕ್ಕುವಂತಿಲ್ಲ. ಮಾರುವವನು ಹೊಸ ಬಣ್ಣ ಬಳಿಸಬಹುದು, ಮೀಟರನ್ನು ಹಿಂದಕ್ಕೆ ತಿರುಗಿಸಬಹುದು; ಸಿಲಿಂಡರಿನ ಸವೆತವನ್ನು ಮರೆಸುವುದು ಅಷ್ಟು ಸುಲಭವಲ್ಲ.

ಎಂಜಿನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ನೀಲಿ ಹೊಗೆ ಬಂದರೆ ಒಳಗೆ ಎಣ್ಣೆ ಉರಿಯುತ್ತಿದೆಯೆಂದರ್ಥ. ಎಂಜಿನು ಬಿಸಿಯಾದ ಬಳಿಕ ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಆ ರಂಧ್ರಗಳಲ್ಲಿ ಒತ್ತಡಮಾಪಕವನ್ನಿಟ್ಟು ನಾಲ್ಕು ಸಿಲಿಂಡರುಗಳನ್ನೂ ಹೋಲಿಸೋಣ. ಒಂದರಲ್ಲಿ ಒತ್ತಡ ಕಡಿಮೆಯಿದ್ದರೆ ಅದರೊಳಕ್ಕೆ ಒಂದು ಚಮಚ ಎಂಜಿನ್ ಎಣ್ಣೆ ಸುರಿದು ಮತ್ತೆ ಅಳೆಯಬೇಕು. ಒತ್ತಡ ಏರಿತೇ? ಹಾಗಾದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ. ಆ ಸಂದನ್ನು ಎಣ್ಣೆ ಕ್ಷಣಕಾಲ ಮುಚ್ಚಿತು. ಏರದಿದ್ದರೆ ಸೋರಿಕೆ ಬಹುಶಃ ಕವಾಟದಲ್ಲಿದೆ. ಕವಾಟಕ್ಕೆ ಎಂಜಿನ್ನಿನ ಹೆಡ್ಡನ್ನು ಬಿಚ್ಚಿದರೆ ಸಾಕು. ಉಂಗುರಗಳಿಗೆ ಪಿಸ್ಟನ್ನುಗಳನ್ನೇ ಹೊರತೆಗೆಯಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಮಾರುವವನು ಒಪ್ಪದಿದ್ದರೆ ನಾವಂತೂ ಆ ಗಾಡಿಯನ್ನು ಕೊಳ್ಳೆವು.