ಕಸಬಿನ ಶಿಕ್ಷಣಕ್ಕೆ ಒರೆಗಲ್ಲು ಯಾವದು?

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ತಾಯಿತಂದೆಗಳಿಗಾಗಿ ನಾವು ಈ ಲೇಖವನ್ನು ಬರೆಯುತ್ತೇವೆ. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದ ಹುಡುಗಿಯರೆಲ್ಲರೂ ಕಾಲೇಜಿನ ಪದವಿಯನ್ನು ಪಡೆಯುವದು ಸಾಧ್ಯವಲ್ಲ, ಅವಶ್ಯವೂ ಅಲ್ಲ. ಹೊಲಿಗೆ, ಗಣಕಯಂತ್ರ, ರೋಗಿಗಳ ಶುಶ್ರೂಷೆ ಮುಂತಾದವುಗಳನ್ನು ಕಲಿತು ಅವರು ಸ್ವಂತ ಕಾಲ ಮೇಲೆ ನಿಲ್ಲಬಹುದು. ಆದರೆ ಬೆಲೆಯಿಲ್ಲದ ಪ್ರಮಾಣಪತ್ರವನ್ನು ಹಿಡಿದು ಮನೆಗೆ ಬಂದವಳು ಹಣವನ್ನು ಮಾತ್ರವಲ್ಲ, ಮರಳಿ ಬಾರದ ಒಂದು ವರುಷವನ್ನೂ ಕಳಕೊಳ್ಳುವಳು. ಬಡವರ ಮನೆಯಲ್ಲಿ ಕಲಿಯಲು ಎರಡನೆಯ ಅವಕಾಶವು ದೊರೆಯುವದು ದುರ್ಲಭ.

ಪದವಿಗೆ ವಿಶ್ವವಿದ್ಯಾಲಯದ ಮುದ್ರೆಯುಂಟಷ್ಟೆ. ಕಸಬಿಗೂ ಅಂಥ ಮುದ್ರೆ ಬೇಕೆಂದು ನಮ್ಮ ದೇಶದಲ್ಲಿ 1956ರಲ್ಲಿ ಎನ್.ಸಿ.ವಿ.ಟಿ. ಎಂಬ ರಾಷ್ಟ್ರೀಯ ಮಂಡಲಿಯು ಸ್ಥಾಪಿತವಾಯಿತು. 2013ರಲ್ಲಿ ಕೌಶಲ್ಯಗಳನ್ನು ಮೆಟ್ಟಿಲುಮೆಟ್ಟಿಲಾಗಿ ಅಳೆಯುವ ರಾಷ್ಟ್ರೀಯ ಕ್ರಮವು ಗೊತ್ತಾಯಿತು. ಎಷ್ಟು ದಿವಸ ಕಲಿತೆ ಎಂಬದಕ್ಕಿಂತ ಏನನ್ನು ಮಾಡಬಲ್ಲೆ ಎಂಬದೇ ಅದರ ಮುಖ್ಯ ಪ್ರಶ್ನೆ. ಪ್ರಮಾಣಪತ್ರ ಕೊಡುವವರಿಗೂ ಪರೀಕ್ಷಿಸುವವರಿಗೂ ಮನ್ನಣೆ ಕೊಡುವ ಕೆಲಸಕ್ಕಾಗಿ 2018ರಲ್ಲಿ ಎನ್.ಸಿ.ವಿ.ಇ.ಟಿ. ಎಂಬ ಮಂಡಲಿಯು ನಿಯಮಿತವಾಯಿತು.

ಒಂದು ದೃಷ್ಟಾಂತವನ್ನು ನೋಡೋಣ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಕೂಡಿ ರುಡ್‌ಸೆಟಿಯನ್ನು ಆರಂಭಿಸಿದವು. ಅದೇ ಮಾದರಿಯ ಆರ್‌ಸೆಟಿಗಳು ತರುವಾಯ ದೇಶದಲ್ಲೆಲ್ಲಾ ಹಬ್ಬಿದವು, ಹಳಿಯಾಳದಲ್ಲಿಯೂ ಒಂದುಂಟು. ಇವುಗಳಲ್ಲಿ ಕಲಿಕೆ, ಊಟ, ವಸತಿ ಉಚಿತ. ತರಬೇತಿ ಮುಗಿದ ಮೇಲೆಯೂ ಎರಡು ವರುಷಗಳ ವರೆಗೆ ಶಿಷ್ಯರನ್ನು ವಿಚಾರಿಸಿ, ಸಾಲ ಸಲಹೆಗಳಲ್ಲಿ ನೆರವಾಗುವದು ಇವುಗಳ ನಿಯಮ. ಪ್ರಮಾಣಪತ್ರವು ಶಿಕ್ಷಣದ ಅಂತ್ಯವಲ್ಲ. ಕಲಿತವಳು ಕಸಬಿನಲ್ಲಿ ನೆಲೆಗೊಳ್ಳುವದೇ ಅದರ ಗುರಿಯೆಂಬದು ಇದರಿಂದ ಸ್ಪಷ್ಟವಾಗುವದು.

ಆದಕಾರಣ ಮಗಳನ್ನು ಸೇರಿಸುವ ಮೊದಲು ತಾಯಿತಂದೆಗಳು ಕೇಳತಕ್ಕ ಪ್ರಶ್ನೆಗಳು ನಾಲ್ಕು:

1. ಪ್ರಮಾಣಪತ್ರವನ್ನು ಕೊಡುವವರಾರು? ಅವರಿಗೆ ಮನ್ನಣೆಯುಂಟೋ? ದಾದಿಯ ಕೆಲಸವಾದರೆ ರಾಜ್ಯದ ನರ್ಸಿಂಗ್ ಕೌನ್ಸಿಲಿನ ನೋಂದಣಿ ದೊರೆಯುವದೋ?

2. ಕಲಿಸಿದವರೇ ಪರೀಕ್ಷಿಸುವರೋ, ಹೊರಗಿನವರು ಬಂದು ಪರೀಕ್ಷಿಸುವರೋ?

3. ದಿನಕ್ಕೆ ಎಷ್ಟು ತಾಸು ಸ್ವಂತ ಕೈಯಿಂದ ಕೆಲಸ ಮಾಡಿಸುವರು? ಒಂದು ಯಂತ್ರಕ್ಕೆ ಎಷ್ಟು ಮಂದಿ?

4. ಹಿಂದೆ ಕಲಿತುಹೋದವರು ಈಗ ಎಲ್ಲಿ ದುಡಿಯುತ್ತಾರೆ?

ಕಡೆಯ ಪ್ರಶ್ನೆಗೆ ಉತ್ತರವು ಛಾಪಿಸಿದ ಹಾಳೆಯಲ್ಲಿ ಸಿಕ್ಕಲಾರದು. ಹಿಂದಿನ ವಿದ್ಯಾರ್ಥಿನಿಯರೇ, ಅದನ್ನು ಕೊಡಬಲ್ಲವರು ನೀವೇ. ನಿಮ್ಮ ಕಸಬನ್ನು ಎಲ್ಲಿ ಕಲಿತಿರಿ, ಅದು ನಿಮಗೆ ಅನ್ನವನ್ನು ಕೊಟ್ಟಿತೋ ಇಲ್ಲವೋ ಎಂಬದನ್ನು ನೆರೆಮನೆಯ ತಾಯಿಗೆ ಮರೆಮಾಚದೆ ಹೇಳಿರಿ. ಒಂದು ಹುಡುಗಿಯ ವರುಷವು ಅದರಿಂದ ಉಳಿಯುವದು.