ಅಮ್ಮನಿಗೆ ಶೂನ್ಯ ಟಿಕೆಟ್, ಮಗನಿಗೆ ಫುಲ್ ಟಿಕೆಟ್

ನಮ್ಮ ಮನೆಯಲ್ಲಿ ಸಂಬಳ ತರುವವಳು ನಾನು. ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡಬೇಕಿಲ್ಲದವಳೂ ನಾನೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ನನಗೆ ಶೂನ್ಯ ಟಿಕೆಟ್ ಕೊಡುತ್ತಾರೆ. ಒಂದು ಪೈಸೆ ದುಡಿಯದ ಹದಿನೈದರ ಮಗ ಮಾತ್ರ ಫುಲ್ ಟಿಕೆಟ್ ತೆಗೆಯಬೇಕು. ಹನ್ನೆರಡು ದಾಟಿದವನಿಗೆ ಹಾಫ್ ಟಿಕೆಟ್ಟಿನ ಮಾತೇ ಇಲ್ಲ. "ಇದ್ಯಾವ ನ್ಯಾಯ ಅಮ್ಮ?" ಎಂದು ಅವನು ಕೇಳಿದ್ದು ದಾವಣಗೆರೆಯ ಬಸ್ ನಿಲ್ದಾಣದಲ್ಲಿ. ಕಾರಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ದಸರಾ ರಜೆಗೆ ಕಾರು ಬಿಟ್ಟು ಹೋಗೋಣ ಎಂದು ನಾನು ಹೊರಟಿದ್ದಕ್ಕೆ ಪರಿಸರದ ಕಾಳಜಿ ಅಷ್ಟೇನೂ ಕಾರಣವಲ್ಲ. ಬೆಂಗಳೂರಿನಿಂದ ದಾವಣಗೆರೆಗೆ ರಸ್ತೆಯಲ್ಲಿ ಸುಮಾರು 260 ಕಿ.ಮೀ. ಹೋಗಿಬರಲು ನಮ್ಮ ಹಳೆಯ ಕಾರು ಸುಮಾರು 35 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಲೀಟರಿಗೆ ನೂರು ದಾಟಿರುವಾಗ ಅದೇ ಮೂರೂವರೆ ಸಾವಿರ, ಟೋಲ್ ಸೇರಿದರೆ ನಾಲ್ಕು ಸಾವಿರದ ಮೇಲೆ. ಜನಶತಾಬ್ದಿಯ ಸೆಕೆಂಡ್ ಸಿಟ್ಟಿಂಗ್‌ನಲ್ಲಾದರೆ ಒಬ್ಬರಿಗೆ ಇನ್ನೂರರ ಆಸುಪಾಸು. ಇಬ್ಬರಿಗೂ ಹೋಗಿಬರಲು ಎಂಟುನೂರು ಅನ್ನಿ. ಮಗನ ಕಣ್ಣಿದ್ದದ್ದು ವಂದೇ ಭಾರತ್ ಮೇಲೆ. ಅದೂ ದಾವಣಗೆರೆಯಲ್ಲಿ ನಿಲ್ಲುತ್ತದೆ, ಗಂಟೆಯಷ್ಟು ಬೇಗ ಮುಟ್ಟಿಸುತ್ತದೆ, ಆದರೆ ಟಿಕೆಟ್ಟಿಗೆ ನಾಲ್ಕು ಪಟ್ಟಿಗೂ ಹೆಚ್ಚು. ತೀರ್ಮಾನ ಅವನಿಗೇ ಬಿಟ್ಟೆ. ಆ ವ್ಯತ್ಯಾಸಕ್ಕೆ ಎಷ್ಟು ಬೆಣ್ಣೆದೋಸೆ ಬರುತ್ತದೆ ಎಂದು ಎಣಿಸಿ ಜನಶತಾಬ್ದಿಗೇ ಬಂದ. 2024ರ ನವೆಂಬರ್‌ನಿಂದ ರೈಲ್ವೆ ಮುಂಗಡ ಬುಕಿಂಗನ್ನು 60 ದಿನಕ್ಕೆ ಇಳಿಸಿದೆ. ರಜೆಯ ಶನಿವಾರದ ಸೀಟು ಬೇಕಿದ್ದರೆ ಕ್ಯಾಲೆಂಡರಿನಲ್ಲಿ ಬುಕಿಂಗ್ ತೆರೆಯುವ ತಾರೀಖಿಗೆ ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಪೆಟ್ರೋಲಿನಲ್ಲಿ ಉಳಿದದ್ದನ್ನು ಲಾಡ್ಜಿಗೆ ಹಾಕಿದೆ. ಹೆದ್ದಾರಿಯ ಬದಿಯಲ್ಲಿ ಅಗ್ಗದ ರೂಮುಗಳಿದ್ದವು. ಕಾರಿಲ್ಲದವರಿಗೆ ಅಲ್ಲಿನ ಅಗ್ಗ ಅಗ್ಗವಲ್ಲ, ಪ್ರತಿ ಸಲ ಊರೊಳಗೆ ಬರಲು ಆಟೊ ಹಿಡಿಯಬೇಕು. ಪಿ.ಬಿ. ರಸ್ತೆಯ ಕಡೆ, ಸ್ಟೇಷನ್ನಿಗೂ ಬಸ್ ಸ್ಟ್ಯಾಂಡಿಗೂ ನಡೆದು ಹೋಗುವಂಥ ಜಾಗದಲ್ಲಿ ದಿನಕ್ಕೆ ನಾನೂರು ಹೆಚ್ಚು ಕೊಟ್ಟು ರೂಮು ಹಿಡಿದೆವು. ಸಣ್ಣ ಸಮಾಧಾನವೆಂದರೆ, 2025ರ ಸೆಪ್ಟೆಂಬರ್ 22ರಿಂದ ಇಂಥ ರೂಮುಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಹಳೆಯ ದರ ಹಾಕಿಲ್ಲವೇ ಎಂದು ನೋಡುವ ಕೆಲಸ ಮಗನದು.

ರೈಲು, ರೂಮು ನನ್ನ ಖಾತೆ. ಉಳಿದದ್ದಕ್ಕೆ ಎರಡು ಕವರು ಮಾಡಿದೆ: ಓಡಾಟಕ್ಕೆ ಏಳುನೂರು, ಊಟ-ತಿಂಡಿಗೆ ಸಾವಿರದ ಐನೂರು. ಎರಡೂ ಅವನ ಕೈಯಲ್ಲಿ, ನೋಟಿನಲ್ಲೇ. ಯುಪಿಐ ಸರ್ಕಲ್‌ನಲ್ಲಿ ನಮ್ಮ ಖಾತೆಯಿಂದ ಮಕ್ಕಳು ಪಾವತಿ ಮಾಡುವ ಅನುಕೂಲ ಬಂದಿದೆ, ಗೊತ್ತು. ಆದರೆ ಪ್ರತಿ ಚಹಾಕ್ಕೂ ನನ್ನ ಫೋನು ಒಪ್ಪಿಗೆ ಕೇಳಿದರೆ ಯಜಮಾನಿಕೆ ನನ್ನದೇ ಆಯಿತಲ್ಲ. ಎರಡು ಕವರು ಯಾಕೆಂದರೆ, ಒಂದೇ ಆದರೆ ಹುಡುಗರು ಆಟೊ ದುಡ್ಡನ್ನು ಐಸ್‌ಕ್ರೀಮಿಗೆ ತಿರುಗಿಸಿ ಅಮ್ಮನನ್ನು ಬಿಸಿಲಲ್ಲಿ ನಡೆಸುತ್ತಾರೆ. ಉಳಿದದ್ದು ಅವನ ಜೇಬಿಗಿಲ್ಲ, ಮುಂದಿನ ಪ್ರವಾಸದ ಕವರಿಗೆ ಎಂಬ ಷರತ್ತೂ ಅದಕ್ಕೇ. ಮಟ ಮಟ ಮಧ್ಯಾಹ್ನ ಆಟೊ ಬೇಕೋ ಬೇಡವೋ ಎನ್ನುವುದು ಮಾತ್ರ ನನ್ನ ಹಕ್ಕು.

ಹರಿಹರ ಇಲ್ಲಿಂದ 14 ಕಿ.ಮೀ. ಅಷ್ಟಕ್ಕೆ ಎಷ್ಟು ದಾರಿ! ಸರ್ಕಾರಿ ಬಸ್ಸಿನಲ್ಲಿ ನನಗೆ ಸೊನ್ನೆ, ಅವನಿಗೆ ಇಪ್ಪತ್ತು ಚಿಲ್ಲರೆ. ಖಾಸಗಿ ಬಸ್ಸಿನಲ್ಲಿ ಶಕ್ತಿ ನಡೆಯದು, ಇಬ್ಬರದೂ ಕೊಡಬೇಕು. ಪ್ಯಾಸೆಂಜರ್ ರೈಲಿಗೆ ತಲೆಗೆ ಹತ್ತೇ ರೂಪಾಯಿ, ಆದರೆ ಅದು ಬರುವ ಹೊತ್ತಿಗೆ ನಾವು ಹೊಂದಿಕೊಳ್ಳಬೇಕು. ಸರ್ಕಾರಿ ಬಸ್ಸೊಂದು ಬಾಗಿಲವರೆಗೆ ತುಂಬಿಕೊಂಡು ಬಂತು, ಹಿಂದೆಯೇ ಖಾಸಗಿಯದು "ಹರಿಹರ, ಹರಿಹರ" ಎನ್ನುತ್ತ ಖಾಲಿ ನಿಂತಿತು. ಅವನು ಕವರು ತೆಗೆದು ನೋಡಿ, "ನಿನಗೆ ಕೂರೋಕೆ ಸೀಟಿಗೆ ಇಪ್ಪತ್ತು ಕೊಡಬಹುದು" ಎಂದ. ತಾಯಿಗೆ ಬೆಲೆ ಕಟ್ಟಿದ್ದು ಕೇಳಿ ನಗು ಬಂತು. ಬರುವಾಗ ಮಾತ್ರ ಸರ್ಕಾರಿ ಬಸ್ಸಿಗೆ ಕಾಯಿಸಿ ಆ ಇಪ್ಪತ್ತನ್ನು ಸರಿದೂಗಿಸಿದ.

ಹರಿಹರೇಶ್ವರ ದೇವಸ್ಥಾನಕ್ಕೆ ಟಿಕೆಟ್ಟಿಲ್ಲ. 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಮೂರ್ತಿಯ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು ಎಂಬುದಕ್ಕೆ ಮಗ ತಲೆಯಾಡಿಸಿದ ಅಷ್ಟೆ. ಅವನು ನಿಂತದ್ದು ಕಂಬಗಳ ಹತ್ತಿರ. ಕಲ್ಲನ್ನು ತಿರುಗಿಸಿ ಕಡೆದ ಆ ನುಣುಪು ಅಂಚುಗಳ ಮೇಲೆ ಬೆರಳಾಡಿಸುತ್ತ, "ಇದು ಲೇತ್ ಕೆಲಸ ಅಲ್ವಾ?" ಎಂದ. ಹೌದು, ಮತ್ತು ಇದೇ ಊರಿನಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನೇ ಮಾಡಿ ದೇಶಕ್ಕೆಲ್ಲ ಕಳಿಸುತ್ತಿತ್ತು ಎಂದು ಹೇಳಿದೆ. ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ದೇವಸ್ಥಾನದಿಂದ ಹೊಳೆಯ ಕಡೆ ನಡೆಯುವಷ್ಟು ಹೊತ್ತೂ ಅವನ ಪ್ರಶ್ನೆಗಳು ಕಾರ್ಖಾನೆಯ ಬಗ್ಗೆಯೇ: ಅಷ್ಟು ಜನ ಆಮೇಲೆ ಏನು ಮಾಡಿದರು, ಬರಬೇಕಾದ ದುಡ್ಡು ಬಂತಾ? ಪಿಎಫ್ ಎಂದರೇನು ಎಂದು ತುಂಗಭದ್ರೆಯ ದಂಡೆಯಲ್ಲಿ ವಿವರಿಸಬೇಕಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ದಾವಣಗೆರೆಯಲ್ಲಿ ತಿನ್ನುವುದಕ್ಕೆ ಯೋಜನೆ ಬೇಡ, ಹೊಟ್ಟೆ ಬೇಕು. ಬೆಳಿಗ್ಗೆ ಸೌದೆ ಒಲೆಯ ಬೆಣ್ಣೆದೋಸೆ, ಆಲೂಗಡ್ಡೆ ಪಲ್ಯ, ತೆಳ್ಳನೆ ಚಟ್ನಿ. ಸಂಜೆ ಮಂಡಕ್ಕಿ, ಮಿರ್ಚಿ. ಮಂಡಕ್ಕಿ ಹುರಿಯುವ ಭಟ್ಟಿಗಳು ಊರೊಳಗೇ ಇರುವುದರಿಂದ ಅದು ಬಿಸಿ, ಗರಿಗರಿ, ಅಗ್ಗ. ಊಟದ ಕವರು ಅರ್ಧವೂ ಖಾಲಿಯಾಗಲಿಲ್ಲ. ಓಡಾಟದ್ದು ಗಾಜಿನ ಮನೆಗೆ ಆಟೊದಲ್ಲಿ ಹೋಗಿಬಂದಾಗ ಸೊರಗಿತು. "ನೂರಿಪ್ಪತ್ತು ಕೊಡ್ರಿ" ಎಂದವರಿಗೆ ಮಗ "ಎಂಬತ್ತು" ಎಂದು ನೂರಕ್ಕೆ ಒಪ್ಪಿಸಿದ. ಮೊದಲ ಚೌಕಾಸಿ, ಕಿವಿ ಕೆಂಪಾಗಿದ್ದವು.

ಕಾರಿಲ್ಲದೆ ಆಗದ್ದೂ ಇದೆ. ಸಂತೇಬೆನ್ನೂರಿನ ಪುಷ್ಕರಣಿ, ಸೂಳೆಕೆರೆ ಎರಡೂ ಚನ್ನಗಿರಿ ತಾಲ್ಲೂಕಿನವು. ಬಸ್ಸು ಬದಲಿಸುತ್ತ ಎರಡನ್ನೂ ಒಂದೇ ದಿನ ನೋಡುವುದು ಕಷ್ಟ, ದಿನಬಾಡಿಗೆಗೆ ಟ್ಯಾಕ್ಸಿ ಹಿಡಿದರೆ ಉಳಿಸಿದ್ದೆಲ್ಲ ಅದಕ್ಕೇ. ಪಟ್ಟಿಯಿಂದ ಹೊಡೆದು ಹಾಕಿದೆವು. ಮನೆಯಲ್ಲಿ ನಾಲ್ಕೈದು ಜನರಿದ್ದು, ಮಂಡಿನೋವಿನ ಹಿರಿಯರೂ ಜೊತೆಗಿದ್ದರೆ ನನ್ನ ಲೆಕ್ಕ ನಿಲ್ಲುವುದಿಲ್ಲ, ಕಾರೇ ಸರಿ.

ಮರಳುವ ರೈಲಿನಲ್ಲಿ ಮಗ ಉಳಿದ ಒಂಬೈನೂರು ಚಿಲ್ಲರೆ ಎಣಿಸಿದ. ಷರತ್ತು ನೆನಪಿಸಿದೆ. ಮುಂದಿನದು ಹಂಪಿ ಆಗಲಿ, ಹೊಸಪೇಟೆವರೆಗೆ ರೈಲು, ಅಲ್ಲಿಂದ ಬಸ್ಸು ಎಂದ. ಓಡಾಟದ ಕವರಿಗೆ ಮುನ್ನೂರು ಹೆಚ್ಚು ಬೇಕಂತೆ, ಊಟದ್ದರಲ್ಲಿ ಕಡಿದರೂ ಪರವಾಗಿಲ್ಲವಂತೆ. ಇನ್ನೂರಕ್ಕೆ ಒಪ್ಪಿದ್ದೇನೆ.